ಮನ್ಸೂರ ಮಿಸ್ತ್ರಿ ದೋಣಿಗೆ ಎಂಜಿನ್ನು ಆರಿಸಿದ್ದು

ಮುಂಡಗೋಡದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡು ಅಂಗಡಿಗಳು ಎದುರುಬದುರು ಕುಳಿತಿವೆ. ಒಂದು ಮನ್ಸೂರ ಮಿಸ್ತ್ರಿಯದು. ಹುಲ್ಲು ಕತ್ತರಿಸುವ ಮಷೀನು, ಔಷಧ ಹೊಡೆಯುವ ಪಂಪು, ಮರ ಕೊಯ್ಯುವ ಮಷೀನು, ಪೆಟ್ರೋಲ್ ಕುಡಿದು ಹೊಗೆ ಬಿಡುವ ಸಣ್ಣ ಎಂಜಿನ್ನು ಯಾವುದೇ ಇರಲಿ, ಕೆಟ್ಟರೆ ಅಲ್ಲಿಗೇ ಬರಬೇಕು. ಇನ್ನೊಂದು ಉಳವಪ್ಪನದು. ಸುಟ್ಟ ಮೋಟಾರಿಗೆ ತಂತಿ ಸುತ್ತುವುದು ಅವನ ಕಸುಬು. ಈಚೆಗೆ ಬ್ಯಾಟರಿ ಕೆಲಸವನ್ನೂ ಹಿಡಿದಿದ್ದಾನೆ. ಹನ್ನೆರಡು ವರ್ಷ ಇವರಿಬ್ಬರೂ ಒಂದು ಚಹಾ ತರಿಸಿ ಅರ್ಧರ್ಧ ಮಾಡಿ ಕುಡಿದವರು. ಈ ವರ್ಷ ಎರಡು ವಾರ ಆ ಚಹಾ ನಿಂತುಹೋಗಿತ್ತು. ಅದಕ್ಕೆ ಕಾರಣ ನಾಲ್ಕು ಫೂಟು ಉದ್ದದ ಒಂದು ದೋಣಿ.

ಮನ್ಸೂರ ಮೂಲತಃ ದಾಂಡೇಲಿಯವನು. ಅಪ್ಪ ಅಲ್ಲಿಯ ಕಟ್ಟಿಗೆ ಡಿಪೋದಲ್ಲಿ ದಿಮ್ಮಿ ಉರುಳಿಸುತ್ತಿದ್ದ. ಐದನೇ ಇಯತ್ತೆಯಲ್ಲಿ ಮಾಸ್ತರರು ಕಿವಿ ಹಿಂಡಿದರೆಂದು ಪಾಟಿಚೀಲವನ್ನು ಅಲ್ಲೇ ಒಗೆದು ಬಂದ ಹುಡುಗ ಮತ್ತೆ ಶಾಲೆಯ ಕಡೆ ತಿರುಗಿ ನೋಡಲಿಲ್ಲ. ಡಿಪೋದ ಮಗ್ಗುಲಿಗಿದ್ದ ಗ್ಯಾರೇಜಿನಲ್ಲಿ ಕೆಲಸ ಕಲಿತ. ಮಾಸ್ತರರು ಹಿಂಡಿದ ಕಿವಿಯೇ ಅವನಿಗೆ ಅನ್ನ ಹಾಕಿತು. ಎಂಜಿನ್ನು ಚಾಲೂ ಮಾಡಿ ಕಣ್ಣು ಮುಚ್ಚಿ ನಿಂತರೆ ಸಾಕು, ಗಾಳಿ ಹೆಚ್ಚಾಗಿದೆಯೋ ಎಣ್ಣೆ ಕಡಿಮೆಯಾಗಿದೆಯೋ ಹೇಳಿಬಿಡುತ್ತಾನೆ. ಮದುವೆಯಾದ ಮೇಲೆ ಹೆಂಡತಿ ಖತೀಜಾಬಿಯ ತವರೂರಾದ ಮುಂಡಗೋಡಕ್ಕೆ ಬಂದು ಅಂಗಡಿ ಹಾಕಿದ. ಈಗ ವಯಸ್ಸು ನಲವತ್ತೇಳು. ಸಿಟ್ಟು ಮಾತ್ರ ಐದನೇ ಇಯತ್ತೆಯದ್ದೇ. ಸಿಟ್ಟು ಬಂದರೆ ಕೈಯಲ್ಲಿದ್ದ, ಬೋಲ್ಟು ತಿರುಗಿಸುವ ಪಾನಾ ಎಸೆಯುತ್ತಾನೆ, ಆಮೇಲೆ ತಾನೇ ಗಟಾರದ ಬಳಿ ಬಗ್ಗಿ ಅದನ್ನು ಹುಡುಕುತ್ತಾನೆ.

ಉಳವಪ್ಪನಿಗೆ ಸಿಟ್ಟೇ ಬರುವುದಿಲ್ಲ. ಮನ್ಸೂರನಿಗೆ ಅದೇ ಮೊದಲ ಸಂಕಟ. ಎರಡನೆಯದು ಬ್ಯಾಟರಿ. ಹಿಂದೆ ಭತ್ತಕ್ಕೆ ಔಷಧ ಹೊಡೆಯುವ ಹಂಗಾಮು ಬಂದರೆ ಮನ್ಸೂರನ ಬಾಗಿಲಲ್ಲಿ ಪಂಪುಗಳು ಸಾಲಾಗಿ ಕುಳಿತಿರುತ್ತಿದ್ದವು. ನಾಲ್ಕೈದು ವರ್ಷದಿಂದ ಬ್ಯಾಟರಿ ಪಂಪು ಬಂದು, ಆ ಸಾಲು ಓಣಿ ದಾಟಿ ಎದುರಿನ ಕಟ್ಟೆಗೆ ಹೋಯಿತು. ಮನ್ಸೂರ ಸ್ಟೂಲಿನ ಮೇಲೆ ಕುಳಿತು, ಅಲ್ಲಿಗೆ ಯಾರು ಬಂದರು, ಎಷ್ಟು ಹೊತ್ತು ಕುಳಿತರು, ನಗುತ್ತ ಹೋದರೋ ಸುಮ್ಮನೆ ಹೋದರೋ ನೋಡುತ್ತಿದ್ದ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ ಅಲ್ಲಿಯೂ ಉಳವಪ್ಪ. ಖತೀಜಾಬಿ ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಕೊಡಿ ಎಂದು ಗಂಡನಿಗೆ ಎರಡು ವರ್ಷ ಹೇಳಿದ್ದಳು. ಇವನು ನಾಳೆ ನಾಡಿದ್ದು ಅನ್ನುತ್ತ ಹೋದ. ಒಂದು ದಿನ ಉಳವಪ್ಪ ತನ್ನ ಹೆಂಡತಿಯ ರವಿಕೆ ಹೊಲಿಯಲು ಕೊಟ್ಟು ಹೋಗಲು ಬಂದವನು ಅರ್ಧ ತಾಸಿನಲ್ಲಿ ಮೋಟಾರು ಕೂಡಿಸಿಯೇ ಬಿಟ್ಟ. ಅವಳ ಮೊಣಕಾಲು ನೋವು ಹೋಯಿತು. ಮನ್ಸೂರ ರೊಟ್ಟಿ ಮುರಿಯುವಾಗೆಲ್ಲ ಆ ಮೋಟಾರಿನ ಗುಂಯ್ ಅನ್ನುವ ಸದ್ದು ಅವನ ಎದೆಯೊಳಗೇ ತಿರುಗುತ್ತಿತ್ತು.

ದೋಣಿಯ ವಿಚಾರ ಹುಟ್ಟಿದ್ದು ಸಾತಪ್ಪನಿಂದ. ಹತ್ತಿರದ ಇಂದೂರು ಎಂಬ ಹಳ್ಳಿಯ ಒಂದು ಕೆರೆಯ ಮೀನು ಸಾತಪ್ಪನ ಗುತ್ತಿಗೆ. ದೊಡ್ಡ ಬಲೆ ಎಳೆಯಬೇಕಾದರೆ ಮೊದಲು ಹಗ್ಗ ಈ ದಂಡೆಯಿಂದ ಆ ದಂಡೆಗೆ ಹೋಗಬೇಕು. ಅವನ ಅಳಿಯ ಮಹಾಬಳೇಶ್ವರ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಈಜಿಕೊಂಡು ಹೋಗುತ್ತಿದ್ದ. ಹೋದ ವರ್ಷ ನಡುನೀರಿನಲ್ಲಿ ಬಳ್ಳಿ ಅವನ ಕಾಲಿಗೆ ಸುತ್ತಿಕೊಂಡಿತು. ಅದೇ ಹಗ್ಗ ಹಿಡಿದು ದಂಡೆಗೆ ಎಳೆದು ತಂದರು, ಜೀವ ಉಳಿಯಿತು. ಅಂದಿನಿಂದ ಸಾತಪ್ಪನ ಮಗಳು ಗಂಡನನ್ನು ನೀರಿಗೆ ಇಳಿಯಲು ಬಿಟ್ಟಿಲ್ಲ. ತೆಪ್ಪ ಹಾಕಿದರೆ ಹುಟ್ಟಿಗೂ ಬಳ್ಳಿ ಸುತ್ತುತ್ತದೆ. ಪಂಪು ರಿಪೇರಿಗೆ ಬಂದ ಸಾತಪ್ಪ ಇದನ್ನೆಲ್ಲ ಹೇಳಿಕೊಂಡಾಗ ಮನ್ಸೂರ, ರಿಮೋಟಿನ ಮೇಲೆ ಓಡುವ ಸಣ್ಣ ದೋಣಿ ಮಾಡಿಕೊಡುತ್ತೇನೆ ಎಂದ. ದೋಣಿ ತೆಳ್ಳಗಿನ ನೈಲಾನ್ ದಾರ ಒಯ್ಯಲಿ, ಆ ದಾರದ ತುದಿಗೆ ದಪ್ಪ ಹಗ್ಗ ಕಟ್ಟಿ ಆಚೆಯಿಂದ ಎಳೆದುಕೊಂಡರಾಯಿತು. ನೀರಿನಲ್ಲಿ ತಿರುಗಿ ದೋಣಿಯನ್ನು ನೂಕುವ ಪಂಖಕ್ಕೆ ಬಳ್ಳಿ ಸುತ್ತದಂತೆ ತಂತಿಯ ಪಂಜರ. ಸಾತಪ್ಪ ಅವನ ಕೈ ಹಿಡಿದುಕೊಂಡ.

ಅವತ್ತಿನ ಸಂಜೆಯ ಅರ್ಧ ಚಹಾದ ಜೊತೆ ಮನ್ಸೂರ ಇದನ್ನು ಉಳವಪ್ಪನಿಗೆ ಹೇಳಿದ. ಹೇಳಿದ್ದಷ್ಟೇ ಅಲ್ಲ, ಸಿಗರೇಟ್ ಪಾಕೀಟಿನ ಹಿಂದೆ ಚಿತ್ರ ಬರೆದು ತೋರಿಸಿದ. ಉಳವಪ್ಪ ಪಾಕೀಟನ್ನು ತಿರುಗಿಸಿ ಮರುಗಿಸಿ ನೋಡಿ, ಚಲೋ ಐತಿ ಅಂದ.

ಎರಡು ತಿಂಗಳಲ್ಲಿ ದೋಣಿಯ ಮೈ ತಯಾರಾಯಿತು. ಪ್ಲೈವುಡ್ ಬಗ್ಗಿಸಿ, ಸಂದಿಗೆ ಫೈಬರ್ ಬಳಿದು, ಹಸಿರು ಬಣ್ಣ ಹೊಡೆದಿದ್ದ. ರಿಮೋಟು ಹುಬ್ಬಳ್ಳಿಯಿಂದ ತರಿಸಿದ್ದಾಯಿತು. ಎಂಜಿನ್ನು ಮಾತ್ರ ಆಗಿರಲಿಲ್ಲ. ಮನ್ಸೂರನ ಟೇಬಲ್ಲಿನ ಮೇಲೆ ಮೂರು ಎಂಜಿನ್ನು ಕುಳಿತಿದ್ದವು. ಬೆಳಿಗ್ಗೆ ಒಂದನ್ನು ಮೆಚ್ಚುತ್ತಿದ್ದ, ಸಂಜೆ ಇನ್ನೊಂದನ್ನು.

ಅಷ್ಟರಲ್ಲಿ ಇಂದೂರಿನಿಂದ ಬಂದ ಒಬ್ಬ ಗಿರಾಕಿ, ಉಳವಪ್ಪನ ದೋಣಿ ಕೆರೆಯಲ್ಲಿ ಓಡಿದ್ದನ್ನು ಹಾಡಿ ಹೊಗಳಿದ. ಥರ್ಮೋಕೋಲಿನ ಬಿಳಿ ದೋಣಿ, ಒಳಗೆ ಮೋಟಾರು, ಹಿಂದೆ ದಾರ. ಸದ್ದಿಲ್ಲದೆ ಬೆಕ್ಕು ನಡೆದ ಹಾಗೆ ನಡೆಯಿತಂತೆ. ಕೆರೆಯ ನಡುವೆ ಬ್ಯಾಟರಿ ಸೋತು ನಿಂತಿತು, ದಾರ ಹಿಡಿದು ವಾಪಸು ಎಳೆದುಕೊಂಡರು ಎಂಬುದನ್ನೂ ಅವನು ಹೇಳಿದ. ಮನ್ಸೂರನ ಕಿವಿಗೆ ಆ ಕಡೆಯ ಮಾತು ಬೀಳಲೇ ಇಲ್ಲ.

ಹತ್ತು ನಿಮಿಷದಲ್ಲಿ ಉಳವಪ್ಪ ತಾನೇ ಎರಡು ಲೋಟದಲ್ಲಿ ಚಹಾ ಹಿಡಿದುಕೊಂಡು ಓಣಿ ದಾಟಿ ಬಂದ.

"ಮನ್ಸೂರಭಾಯಿ, ನಂದು ನಡೂಕ ನಿಂತಿತು ನೋಡು. ದಾರ ತೊಯ್ದ ಮ್ಯಾಲ ಭಾಳ ಭಾರ ಆಗ್ತೈತಿ. ಇನ್ನೊಂದು ಬ್ಯಾಟರಿ ಹಾಕಿದ್ರ ಹೋಗಬಹುದು. ನಿನ್ನ ದೋಣಿಗೂ ಒಂದು ಮೋಟರ್ ಕೂಡಿಸಿಕೊಡ್ಲೇನು?"

ಮನ್ಸೂರ ಲೋಟ ತೆಗೆದುಕೊಂಡು ಚಹಾವನ್ನು ಗಟಾರಕ್ಕೆ ಚೆಲ್ಲಿ, ಖಾಲಿ ಲೋಟವನ್ನು ಅವನ ಕೈಗೇ ಕೊಟ್ಟ. "ನನ್ನ ಚಿತ್ರ ನೋಡಿ ನಿನ್ನ ದೋಣಿ ಮಾಡಿದಿ. ಇನ್ನ ನನ್ನ ದೋಣಿನೂ ನೀನ ಮಾಡ್ತೀ ಏನು?"

ಉಳವಪ್ಪ ಏನೋ ಹೇಳಲು ಬಾಯಿ ತೆರೆದ. ಇವನು ಪಾನಾ ಕೈಗೆ ತೆಗೆದುಕೊಂಡ. ಉಳವಪ್ಪ ಹೋದ.

ಅಂದಿನಿಂದ ಎಂಜಿನ್ನು ಆರಿಸುವ ಕೆಲಸಕ್ಕೆ ಬೆಂಕಿ ಬಿದ್ದ ಅವಸರ ಬಂತು. ಸಾತಪ್ಪ ಇನ್ನು ಹದಿನೈದು ದಿನದೊಳಗೆ ಬಲೆ ಎಳೆಯಬೇಕು, ಆಮೇಲೆ ನೀರು ಗದ್ದೆಗೆ ಹೋಗಿ ಬಳ್ಳಿ ಮೇಲೆದ್ದು ಕೂಡುತ್ತದೆ. ಅಷ್ಟರೊಳಗೆ ಯಾರ ದೋಣಿ ಆಚೆ ದಂಡೆ ಮುಟ್ಟುತ್ತದೋ ಅದೇ ಸಾತಪ್ಪನ ದೋಣಿ. ಉಳವಪ್ಪ ಎರಡನೆಯ ಬ್ಯಾಟರಿ ಕೂಡಿಸುವ ಮೊದಲು ಮನ್ಸೂರ ದಾಟಿಸಬೇಕಿತ್ತು.

ಮೂರು ಎಂಜಿನ್ನುಗಳಲ್ಲಿ ಮರ ಕೊಯ್ಯುವ ಮಷೀನಿನದನ್ನು ಅವನು ಮೊದಲೇ ಬದಿಗಿಟ್ಟ. ಅದರ ಓಟ ವಿಪರೀತ. ಅಷ್ಟು ಜೋರಾಗಿ ತಿರುಗಿದರೆ ಪಂಖ ನೀರನ್ನು ನೊರೆ ಮಾಡುತ್ತದೆಯೇ ಹೊರತು ದೋಣಿಯನ್ನು ನೂಕುವುದಿಲ್ಲ. ಎರಡನೆಯದು ಹುಲ್ಲು ಕತ್ತರಿಸುವ ಮಷೀನಿನ ಟೂ ಸ್ಟ್ರೋಕ್. ಹಗುರ, ಗಟ್ಟಿ, ಭಾರೀ ಸದ್ದು. ಆದರೆ ಅದಕ್ಕೂ ಬಲ ಬರುವುದು ಪೂರ್ತಿ ಓಡಿಸಿದಾಗಲೇ. ಮೂರನೆಯದು ಪಂಪಿನಿಂದ ತೆಗೆದ ಸಣ್ಣ ಫೋರ್ ಸ್ಟ್ರೋಕ್. ತೂಕ ಸ್ವಲ್ಪ ಹೆಚ್ಚು, ಓಟ ಕಡಿಮೆ, ಆದರೆ ನಿಧಾನವಾಗಿ ತಿರುಗುತ್ತಲೇ ಭಾರ ಎಳೆಯುತ್ತದೆ. ಇನ್ನೂರು ಮೀಟರ್ ತೊಯ್ದ ದಾರ ಎಳೆಯಲು ಅದೇ ಸರಿ. ಮನ್ಸೂರನಿಗೆ ಇದು ಗೊತ್ತಿತ್ತು. ದೋಣಿಯೊಳಗೆ ಅದನ್ನು ಕೂಡಿಸಲು ನಾಲ್ಕು ತೂತು ಕೂಡ ಕೊರೆದಿದ್ದ.

ಆದರೆ ಆ ಎಂಜಿನ್ನು ಬಂದದ್ದು ಉಳವಪ್ಪನಿಂದ. ಯಾವನೋ ರೈತ ಪೆಟ್ರೋಲ್ ಪಂಪನ್ನು ಬ್ಯಾಟರಿ ಪಂಪು ಮಾಡಿಸಿಕೊಂಡಾಗ ಹೊರಗೆ ಉಳಿದ ಎಂಜಿನ್ನನ್ನು ಉಳವಪ್ಪ, ನನಗ ಇದರ ಉಪಯೋಗ ಇಲ್ಲ ಎಂದು ಇವನ ಟೇಬಲ್ಲಿನ ಮೇಲೆ ಇಟ್ಟು ಹೋಗಿದ್ದ. ಆಗ ಮನ್ಸೂರ ಖುಷಿಯಿಂದಲೇ ಇಟ್ಟುಕೊಂಡಿದ್ದ. ಈಗ ಅದನ್ನು ನೋಡಿದರೆ, ಅದು ದೋಣಿಯೊಳಗೆ ಕುಳಿತು ಆಚೆ ದಂಡೆ ಮುಟ್ಟಿದಂತೆ, ಊರ ಜನ ಎಂಜಿನ್ನು ಯಾರದು ಎಂದು ಕೇಳಿದಂತೆ, ಉಳವಪ್ಪ ತಲೆ ಕೆರೆದುಕೊಂಡು ನಗುತ್ತ, ಅದು ನಂದ ರೀ ಎಂದಂತೆ ಕಾಣುತ್ತಿತ್ತು. ಚಹಾದಂಗಡಿಯಲ್ಲಿ ಜನ ಉಳವಪ್ಪನ ದೋಣಿಯ ಸದ್ದಿಲ್ಲದ ನಡಿಗೆಯನ್ನೇ ಮಾತಾಡುತ್ತಿದ್ದರು. ಒಬ್ಬನಂತೂ, ಮಿಸ್ತ್ರಿ ಕಾವಿಗೆ ಕುಂತ ನಿನ್ನ ದೋಣಿ ಯಾವಾಗ ತತ್ತಿ ಮ್ಯಾಲಿಂದ ಏಳ್ತೈತಿ ಎಂದು ಕೇಳಿದ.

ಮರುದಿನ ಮನ್ಸೂರ ಫೋರ್ ಸ್ಟ್ರೋಕನ್ನು ಗೋಣಿಚೀಲದಲ್ಲಿ ಸುತ್ತಿ ಮೂಲೆಗೆ ತಳ್ಳಿದ. ಟೂ ಸ್ಟ್ರೋಕಿಗೆ ಹೊಸ ತೂತು ಕೊರೆದ. ಇದರ ಸದ್ದು ಇಂದೂರಿನ ಪ್ರತಿ ಮನೆಗೂ ಕೇಳಲಿ ಎಂದುಕೊಂಡ. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಒಮ್ಮೆ ಚಿತ್ರ ತೋರಿಸಿ ಕೈ ಸುಟ್ಟುಕೊಂಡವನು, ಈ ಸಲ ಉಳವಪ್ಪನ ಕಣ್ಣಿಗೆ ಎಂಜಿನ್ನಿನ ಒಂದು ಬೋಲ್ಟೂ ಬೀಳಬಾರದೆಂದು ಎಣ್ಣೆ ಡಬ್ಬದ ತಗಡು ಕತ್ತರಿಸಿ ಸುತ್ತಲೂ ಪೆಟ್ಟಿಗೆ ಮಾಡಿದ. ಹೊಗೆಕೊಳವೆ ಹೊರಗೆ ಬರಲು ಒಂದು ತೂತು, ಕಾರ್ಬೊರೇಟರಿಗೆ ಗಾಳಿ ಹೋಗಲು ಅಂಗೈ ಅಗಲದ ಒಂದು ಕಿಂಡಿ, ಉಳಿದದ್ದೆಲ್ಲ ಮುಚ್ಚಿದ್ದು. ಅಂಗಡಿಯಲ್ಲಿ ಓಡಿಸಿ ಕಿವಿಗೊಟ್ಟು ಸರಿಮಾಡಿದ್ದು ಪೆಟ್ಟಿಗೆ ಹಾಕುವ ಮೊದಲು. ಹುಲ್ಲಿನ ಮಷೀನು ತಣ್ಣಗಾಗುವುದೇ ಮೈಮೇಲೆ ಬೀಸುವ ಗಾಳಿಯಿಂದ. ಇದನ್ನು ಗಿರಾಕಿಗಳಿಗೆ ಸಾವಿರ ಸಲ ಬೈದು ಹೇಳಿದವನು ಅವನೇ. ತನ್ನ ಕೈಯ ತಗಡಿನ ಪೆಟ್ಟಿಗೆಯ ಮುಂದೆ ಅದು ನೆನಪಾಗಲಿಲ್ಲ.

ಆ ಭಾನುವಾರ ಬೆಳಿಗ್ಗೆ ಕೆರೆಯ ಏರಿಯ ಮೇಲೆ ಹತ್ತಿಪ್ಪತ್ತು ಜನ ಸೇರಿದರು. ಉಳವಪ್ಪನೂ ಬಂದಿದ್ದ, ಕೈ ಕಟ್ಟಿಕೊಂಡು ದೂರ ನಿಂತಿದ್ದ. ಅವನು ಬಂದದ್ದು ಕಂಡು ಮನ್ಸೂರನ ಎದೆ ಉಬ್ಬಿತು. ಮಹಾಬಳೇಶ್ವರ ದೋಣಿ ಹಿಡಿಯಲು ಏರಿಯ ಮೇಲೆ ಸುತ್ತುಹಾಕಿ ಆಚೆ ದಂಡೆಗೆ ಹೋಗಿ ನಿಂತ. ಮನ್ಸೂರ ಹಗ್ಗ ಎಳೆದು ಎಂಜಿನ್ನು ಚಾಲೂ ಮಾಡಿದ. ಆ ಸದ್ದಿಗೆ ಜೊಂಡಿನಲ್ಲಿದ್ದ ಬೆಳ್ಳಕ್ಕಿಗಳೆಲ್ಲ ಎದ್ದವು. ಸಾತಪ್ಪ ಎರಡೂ ಕಿವಿ ಮುಚ್ಚಿಕೊಂಡು, ಇದನ್ನ ಕೇಳಿ ನನ್ನ ಮೀನು ಅತ್ತಿವೇರಿ ಡ್ಯಾಮಿಗೆ ಓಡ್ತಾವೋ ಮಿಸ್ತ್ರಿ ಎಂದ.

ದೋಣಿ ಹೊರಟಿತು. ನೀರು ಸೀಳಿಕೊಂಡು, ಮೂಗು ಮೇಲೆತ್ತಿ, ಹಿಂದೆ ದಾರ ಬಿಚ್ಚುತ್ತ ಹೋಯಿತು. ಉಳವಪ್ಪನ ದೋಣಿ ನಿಂತ ಜಾಗವನ್ನು ದಾಟಿತು. ಮನ್ಸೂರ ಕೆರೆ ನೋಡುವುದು ಬಿಟ್ಟು ಉಳವಪ್ಪನ ಮುಖ ನೋಡಿದ. ಅದರಲ್ಲಿ ಒಂದಿಷ್ಟು ಉರಿ ಕಂಡರೆ ಸಾಕಾಗಿತ್ತು. ಉಳವಪ್ಪ ಬಾಯಿ ತೆರೆದು, ಸಣ್ಣ ಹುಡುಗನ ಹಾಗೆ, ದೋಣಿಯನ್ನೇ ನೋಡುತ್ತಿದ್ದ.

ಆಗಲೇ ಸದ್ದು ಬದಲಾಯಿತು. ಬೇರೆ ಯಾರಿಗೂ ತಿಳಿಯಲಿಲ್ಲ. ದಪ್ಪಗಿದ್ದ ಸದ್ದು ತೆಳ್ಳಗಾಗಿ ಮೇಲೇರಿತು, ಅದರ ತುದಿಯಲ್ಲಿ ಕೀರಲು ಬಂತು. ಒಳಗೆ ಕಾವು ಏರಿದೆ, ಪಿಸ್ಟನ್ ಕಚ್ಚಿಕೊಂಡು ನಿಲ್ಲಲು ಇನ್ನು ಸ್ವಲ್ಪವೇ ಹೊತ್ತು. ಈಗ ಆಕ್ಸಿಲರೇಟರ್ ಇಳಿಸಿದರೆ ಎಂಜಿನ್ನು ಉಳಿಯುತ್ತದೆ, ದೋಣಿ ಅಲ್ಲೇ ನಿಲ್ಲುತ್ತದೆ, ಉಳವಪ್ಪನದಕ್ಕಿಂತ ಮೂವತ್ತು ಮಾರು ಮುಂದೆ. ಮೂವತ್ತು ಮಾರಿನ ಗೆಲುವು ಮನ್ಸೂರನಿಗೆ ಬೇಡವಾಗಿತ್ತು. ರಿಮೋಟಿನ ಕಡ್ಡಿಯನ್ನು ಹೆಬ್ಬೆರಳಿನಿಂದ ಪೂರ್ತಿ ಒತ್ತಿ ಹಿಡಿದ. ಕಟಕ್ ಅಂದಿತು. ಎಂಜಿನ್ನು ನಿಂತಿತು.

ಸಿಟ್ಟಿನಲ್ಲಿ ಅವನು ದಾರವನ್ನು ಜಗ್ಗತೊಡಗಿದ. ಹಿಂದುಮುಂದಾಗಿ ಬರುತ್ತಿದ್ದ ದೋಣಿಯ ಹಿಂದಿನ ಹಲಗೆಯ ಮೇಲಿಂದ ನೀರು ಒಳಗೆ ನುಗ್ಗಿತು. ಉಳವಪ್ಪ ಓಡಿ ಬಂದು ಅವನ ಕೈಯ ಹಿಂದೆ ದಾರ ಹಿಡಿದ, ಸಾವಕಾಶ ಎಳಿ, ಮುಳುಗ್ತೈತಿ ಅಂದ. ಬಿಡು ಎಂದು ಮನ್ಸೂರ ಕೂಗಿದ. ಉಳವಪ್ಪ ಬಿಡಲಿಲ್ಲ. ಇಬ್ಬರೂ ಸೇರಿ ಅರ್ಧ ಮುಳುಗಿದ ದೋಣಿಯನ್ನು ದಂಡೆಗೆ ತಂದರು. ಉಳವಪ್ಪ ತಗಡಿನ ಮೇಲೆ ಅಂಗೈ ಇಟ್ಟವನು ಸುಟ್ಟವರ ಹಾಗೆ ಹಿಂದೆಳೆದುಕೊಂಡ.

"ಇದಕ್ಕ ಗಾಳಿ ಎಲ್ಲೈತಿ ಮನ್ಸೂರಭಾಯಿ? ಯಾಕ ಮುಚ್ಚಿದಿ?"

"ನೀ ನೋಡಬಾರದಂತ ಮುಚ್ಚೀನಿ."

ಸುತ್ತ ನಿಂತವರು ಎಲ್ಲೆಲ್ಲೋ ನೋಡಿದರು. ಉಳವಪ್ಪ ಸುಟ್ಟ ಅಂಗೈಯನ್ನು ಉಜ್ಜಿಕೊಂಡ.

"ನೀ ಚಿತ್ರ ತೋರಿಸಿ ಎರಡು ತಿಂಗಳ ಮ್ಯಾಲಾತು," ಅಂದ. "ಅಂಗಡ್ಯಾಗ ದೋಣಿ ಹಂಗ ಕುಂತಿತ್ತು. ನೀ ಬಿಟ್ಟಿ ಅಂತ ತಿಳದೆ. ನಿನ್ನ ಕೇಳಬೇಕಿತ್ತು, ಕೇಳಲಿಲ್ಲ. ಅದು ನಂದ ತಪ್ಪು."

ಮನ್ಸೂರನಿಗೆ ಇದು ಇನ್ನೂ ಕೆಟ್ಟದಾಯಿತು. ಜಗಳ ಆಡಿದ್ದರೆ ಬಾಯಿ ತುಂಬ ಬೈಯಬಹುದಿತ್ತು. ತಪ್ಪೊಪ್ಪಿಕೊಂಡವನನ್ನು ಏನೆಂದು ಬೈಯುವುದು? ಇದರಲ್ಲೂ ಇವನದೇ ಮೇಲುಗೈ ಎಂದು ಹಲ್ಲು ಕಡಿದ. ದೋಣಿಯ ನೀರನ್ನು ಹೊರಗೆ ಚೆಲ್ಲಿ, ಯಾರನ್ನೂ ಮುಟ್ಟಲು ಬಿಡದೆ, ಬೈಕಿನ ಹಿಂದೆ ಕಟ್ಟಿಕೊಂಡು ಹೋದ.

ಎರಡು ದಿನ ಅಂಗಡಿ ತೆಗೆಯಲಿಲ್ಲ. ಮೂರನೆಯ ದಿನ ಸಾತಪ್ಪ ಮನೆಗೇ ಬಂದ. ಉಳವಪ್ಪನ ಎರಡನೆಯ ಬ್ಯಾಟರಿ ಹುಬ್ಬಳ್ಳಿಯಿಂದ ಇನ್ನೂ ಬಂದಿಲ್ಲ, ಭಾನುವಾರ ಕಳೆದರೆ ಗದ್ದೆಗೆ ನೀರು ಬಿಡುತ್ತಾರೆ, ಏನಾದರೂ ಮಾಡು ಎಂದು ಹೇಳಿ, ಕಡೆಗೆ ಅಂದ: "ಇಲ್ಲಂದ್ರ ಅಳಿಯ ಮತ್ತ ಈಜತೇನಿ ಅನ್ನಾಕತ್ಯಾನ. ನನ್ನ ಮಗಳ ಮುಖಾ ನೋಡಿ ಮಾಡು ಮಿಸ್ತ್ರಿ."

ಸಾತಪ್ಪ ಹೋದ ಮೇಲೆ ಖತೀಜಾಬಿ ಹೊಲಿಗೆ ನಿಲ್ಲಿಸಿದಳು. ಅವರು ಮನೆಯಲ್ಲಿ ಆಡುವುದು ಉರ್ದು, ಅದರಲ್ಲಿ ಅವಳಿಗೆ ಉದ್ದ ಮಾತು ಬೇಕಾಗುವುದಿಲ್ಲ. ಅಂಗಡಿಯ ಮೂಲೆಯಲ್ಲಿ ಇಟ್ಟಿದ್ದೀರಲ್ಲ, ಆ ಎಂಜಿನ್ನು ಎಳೆಯುತ್ತದೋ ಇಲ್ಲವೋ ಅಷ್ಟು ಹೇಳಿ ಎಂದಳು. ಎಳೆಯುತ್ತದೆ ಎಂದ. ಮತ್ತೆ ಯಾಕೆ ಹಾಕಲಿಲ್ಲ ಎಂದು ಅವಳು ಕೇಳಲಿಲ್ಲ, ಹೊಲಿಗೆ ಯಂತ್ರದ ಗುಂಡಿ ಒತ್ತಿದಳು. ಆ ಸದ್ದಿನಲ್ಲಿ ಕೂಡುವುದಕ್ಕಿಂತ ಅಂಗಡಿಗೆ ಹೋಗುವುದು ವಾಸಿ ಎಂದು ಮನ್ಸೂರ ಎದ್ದ.

ಗೋಣಿ ಬಿಚ್ಚಿ ಫೋರ್ ಸ್ಟ್ರೋಕನ್ನು ಹೊರಗೆ ತೆಗೆದ. ಅದರ ಕಾರ್ಬೊರೇಟರ್ ಕಿತ್ತು, ತನ್ನ ಹತ್ತಿರವಿದ್ದ ಬೇರೆಯದನ್ನು ಹಾಕಿದ. ಹಳೆಯದರಲ್ಲಿ ಅಂಥ ದೋಷವೇನೂ ಇರಲಿಲ್ಲ. ಪಂಖವನ್ನೂ ಹೊಸದಾಗಿ, ಹಿತ್ತಾಳೆ ತಗಡಿನಿಂದ, ಅಗಲವಾಗಿ ಬಡಿದು ಮಾಡಿದ. ಹಿಂದಿನ ಹಲಗೆಯನ್ನು ನಾಲ್ಕು ಬೆರಳು ಎತ್ತರಿಸಿದ. ತಗಡಿನ ಪೆಟ್ಟಿಗೆ ಹಾಕಲಿಲ್ಲ. ಎದುರಿನ ಅಂಗಡಿಯಿಂದ ಎಲ್ಲ ಕಾಣುವಂತೆ ಬಾಗಿಲಲ್ಲೇ ಕುಳಿತು ಕೆಲಸ ಮಾಡಿದ. ಮೂರು ದಿನ ಉಳವಪ್ಪನ ಅಂಗಡಿಯ ಬಾಗಿಲು ಮುಚ್ಚಿಯೇ ಇತ್ತು.

ಭಾನುವಾರ ಬೆಳಿಗ್ಗೆ ಕೆರೆಯ ಮೇಲೆ ಮೂರೇ ಜನ. ಸಾತಪ್ಪ, ಆಚೆ ದಂಡೆಯಲ್ಲಿ ಮಹಾಬಳೇಶ್ವರ, ಮನ್ಸೂರ. ಹೋದ ಸಲದ ಫಜೀತಿ ನೋಡಿದವರಿಗೆ ಇನ್ನೊಮ್ಮೆ ನೋಡುವ ಉಮೇದಿ ಇರಲಿಲ್ಲ. ಎಂಜಿನ್ನು ಗೊಣಗಿದಂತೆ ಗುಡುಗುಡು ಎನ್ನುತ್ತ ಹೊರಟಿತು. ಆತುರವಿಲ್ಲದೆ, ಎಮ್ಮೆ ನೀರಿಗೆ ಇಳಿದ ಹಾಗೆ, ಬಳ್ಳಿಗಳನ್ನು ಪಂಜರದಿಂದ ಬದಿಗೆ ಸರಿಸುತ್ತ ನಡೆಯಿತು. ಕೆರೆಯ ನಡು ದಾಟಿತು. ದಾರ ಭಾರವಾದಂತೆ ಸದ್ದು ಸ್ವಲ್ಪ ದಪ್ಪಗಾಯಿತೇ ಹೊರತು ಮುಗ್ಗರಿಸಲಿಲ್ಲ. ಮಹಾಬಳೇಶ್ವರ ಮೊಣಕಾಲುದ್ದ ನೀರಿಗಿಳಿದು ದೋಣಿಯ ಮೂಗು ಹಿಡಿದುಕೊಂಡು ಇನ್ನೊಂದು ಕೈ ಎತ್ತಿದ.

ಸಾತಪ್ಪ ಮನ್ಸೂರನ ಭುಜ ಒತ್ತಿದ. ಮನ್ಸೂರ ತಿರುಗಿ ಏರಿಯ ಆ ತುದಿಯಿಂದ ಈ ತುದಿಯವರೆಗೆ ನೋಡಿದ. ಯಾರೂ ಇರಲಿಲ್ಲ. ಜೇಬಿನಿಂದ ಮೊಬೈಲು ತೆಗೆದ.

"ಎಲ್ಲಿದ್ದಿ?"

"ಹಳಿಯಾಳದಾಗ. ತಂಗಿ ಮಗಳ ನಿಶ್ಚಿತಾರ್ಥ ಇವತ್ತ," ಎಂದ ಉಳವಪ್ಪ. ಹಿಂದೆ ಹೆಂಗಸರ ಗದ್ದಲ ಕೇಳುತ್ತಿತ್ತು.

"ದೋಣಿ ದಾಟಿತು."

ಮನ್ಸೂರ ಕಿವಿಯನ್ನು ಮೊಬೈಲಿಗೆ ಒತ್ತಿ ಹಿಡಿದ. ಎಂಜಿನ್ನಿನ ಒಳಗಿನ ದೋಷ ಹುಡುಕುವಾಗಿನ ಕಿವಿ ಅದು. ಉಳವಪ್ಪನ ಉಸಿರಿನಲ್ಲಿ ಎಲ್ಲಾದರೂ ಒಂದು ಕೀರಲು ಇದ್ದರೆ ಹಿಡಿಯಬೇಕು.

"ಪೂರಾ ದಾಟಿತೇನು?" ಉಳವಪ್ಪನ ದನಿಯಲ್ಲಿ ಬರೀ ಹಿಗ್ಗು. "ಯಾವ ಎಂಜಿನ್ನ ಹಾಕಿದಿ?"

ಸಾತಪ್ಪ ಮಗ್ಗುಲಲ್ಲೇ ನಿಂತಿದ್ದ. ಆಚೆ ದಂಡೆಯಲ್ಲಿ ಎಂಜಿನ್ನು ಮುಚ್ಚಳವಿಲ್ಲದೆ ಬಿಸಿಲಿಗೆ ಹೊಳೆಯುತ್ತಿತ್ತು.

"ನೀ ಕೊಟ್ಟದ್ದು," ಎಂದ ಮನ್ಸೂರ. ಅವನಿಗೆ ಬಾಯಿ ತೆರೆಯಲು ಜಾಗ ಕೊಡದೆ ಮುಂದುವರಿಸಿದ. "ಕಾರ್ಬೊರೇಟರ್ ನಂದು. ಪಂಖಾ ನಾ ಬಡದದ್ದು. ದೋಣಿ ನಂದು, ವಿಚಾರನೂ ನಂದು."

"ಹೌದೋ ಮಾರಾಯಾ, ನಾ ಇಲ್ಲ ಅಂದ್ನೇನು? ನಾಳೆ ಬಂದು ನೋಡ್ತೇನಿ."

"ನಾಳೆ ಬಂದು ಏನ್ ನೋಡ್ತಿ? ಇವತ್ತ ಬಲಿ ಎಳದು ಮುಗಸ್ತಾರ," ಎಂದು ಮನ್ಸೂರ ಫೋನು ಇಟ್ಟ. ಆಮೇಲೆ ಸಾತಪ್ಪನನ್ನು, ಬಲೆಯನ್ನು ನಾಳೆಗೆ ಇಟ್ಟುಕೊಂಡರೆ ಏನಾಗುತ್ತದೆ ಕಾಕಾ ಎಂದು ಕೇಳಿದ.

ಸಾತಪ್ಪ, ನಾಳೆ ನೀರು ಬಿಡ್ತಾರಲ್ಲೋ ಎಂದು, ದಾರದ ತುದಿಗೆ ಕಟ್ಟಿದ ದಪ್ಪ ಹಗ್ಗವನ್ನು ಅವನ ಕೈಯಲ್ಲಿ ಇಟ್ಟು, ಸಡಿಲು ಬಿಡು, ಆಚೆಯಿಂದ ಅಳಿಯ ಎಳೀತಾನ ಎಂದ. ಮನ್ಸೂರ ಹಗ್ಗವನ್ನು ಮಾರು ಮಾರಾಗಿ ನೀರಿಗೆ ಬಿಡತೊಡಗಿದ. ಅರ್ಧ ಹಗ್ಗ ಹೋದ ಮೇಲೆ, ಹಳಿಯಾಳದಿಂದ ಮುಂಡಗೋಡಕ್ಕೆ ಬರುವ ಮಧ್ಯಾಹ್ನದ ಬಸ್ಸು ಎಷ್ಟಕ್ಕೆ ಎಂದು ಕೇಳಿದ.